ನಾನು ಹೆಚ್ಚಿಸಿದ ಎರಡು ವರ್ಷ

ಮುನಿರಾಜ, ನಿನ್ನನ್ನು ದೊಡ್ಡವರ ಜೈಲಿಗೆ ಕಳಿಸಿದವಳು ನಾನು. ಕೋರ್ಟಲ್ಲ, ಪೊಲೀಸರಲ್ಲ — ನಾನು, ನಿನ್ನ ದೊಡ್ಡಮ್ಮ. ಆಗ ನಿನಗೆ ಹದಿನೈದು ವರ್ಷ. ಹದಿನೇಳು ಅಂತ ಹೇಳಿದ್ದು ಈ ನನ್ನ ಬಾಯಿ.

ಇದನ್ನು ಕೇಳಿ, ದೊಡ್ಡಮ್ಮ ಕರಗಿಬಿಟ್ಟಳು ಅಂದುಕೊಳ್ಳಬೇಡ. ನನ್ನ ಮಗ ವೆಂಕಟೇಶನ ಕಣ್ಣು ತೆಗೆದವನು ನೀನು. ಬಾವಿಯ ಹತ್ತಿರ ಅವನು ನಿಮ್ಮಮ್ಮನ ಮೇಲೆ ಕೆಟ್ಟ ಮಾತು ಆಡಿದ್ದ — ಅದೂ ನಿಜ, ಮುಚ್ಚಿಡುವುದಿಲ್ಲ — ಆದರೂ ಕಲ್ಲೆಸೆದದ್ದು ನೀನು ತಾನೆ? ಕಾಮಸಮುದ್ರದಿಂದ ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು, ಸೆರಗೆಲ್ಲ ರಕ್ತ. ಅವನನ್ನು ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸಕ್ಕೆ ಸೇರಿಸುತ್ತೇನೆಂದು ನನ್ನ ತಮ್ಮ ಮಾತು ಕೊಟ್ಟಿದ್ದ. ಒಕ್ಕಣ್ಣನನ್ನು ಗಣಿಗೆ ಇಳಿಸುವವರು ಯಾರು? ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ನಿನ್ನನ್ನು ಹಿಡಿದ ದಿನ ಪೇದೆಯನ್ನು ಕೇಳಿದೆ, ಇವನಿಗೆ ಏನು ಶಿಕ್ಷೆ ಅಂತ. ಅವನು ಬೀಡಿ ಹಚ್ಚಿಕೊಂಡು ಹೇಳಿದ: "ಅದಿನಾರು ತುಂಬಿಲ್ಲಾಂದ್ರೆ ಜೈಲಿಲ್ಲಮ್ಮ. ರಿಮ್ಯಾಂಡ್ ಹೋಮ್‌ಗೆ ಕಳಿಸ್ತಾರೆ. ಅನ್ನ ಕೊಟ್ಟು, ಮರಗೆಲಸ ಕಲಿಸಿ, ಬುದ್ಧಿ ಯೋಳಿ ಬಿಡ್ತಾರೆ."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮಗ ಒಕ್ಕಣ್ಣನಾಗಿ ಮೂಲೆ ಹಿಡಿಯಬೇಕು, ಇವನು ಸರ್ಕಾರದ ಅನ್ನ ತಿಂದು ಉಳಿ ಹಿಡಿಯುವುದು ಕಲಿಯಬೇಕಾ? ಥೂ, ಇದ್ಯಾವ ಸೀಮೆ ನ್ಯಾಯ! ಎಸೆದವನ ವಯಸ್ಸು ಕೇಳಿಕೊಂಡು ಕಲ್ಲು ತಗಲುತ್ತದಾ ಅಂತ ಊರಿಗೆಲ್ಲ ಕೇಳುವಂತೆ ಕೂಗಾಡಿದೆ.

ಸಬ್ ಇನ್ಸ್‌ಪೆಕ್ಟರು ಅರಳಿಕಟ್ಟೆಯ ಮೇಲೆ ಕೂತು ನಿನ್ನ ವಯಸ್ಸು ವಿಚಾರಿಸಿದರು. ನೀನು ಶಾಲೆಯ ಮುಖ ಕಂಡವನಲ್ಲ, ನೀನು ಹುಟ್ಟಿದ್ದನ್ನು ಯಾರೂ ಎಲ್ಲೂ ಬರೆಸಿರಲಿಲ್ಲ. ಆಗಲೇ ಮೀಸೆ ಬೇರೆ ಚಿಗುರಿತ್ತು. ನಿನ್ನಮ್ಮ ರತ್ನಮ್ಮ ಹದಿನೈದು ಅಂದಳು. ಹೆತ್ತವಳು ಕಡಿಮೆ ಹೇಳದೆ ಇರುತ್ತಾಳಾ ಅಂತ ಅವರು ನಕ್ಕರು. ಆಗ ಅವಳು — ಆ ಪಾಪದವಳು — ನನ್ನ ಕಡೆ ಕೈ ತೋರಿಸಿದಳು.

"ನಮ್ಮಕ್ಕನ್ನ ಕೇಳಿ ಸಾಮಿ. ನನಗೆ ಬಾಣಂತಿ ಜ್ವರ ಬಂದಾಗ ಇವನಿಗೆ ಎದೆಯಾಲು ಕೊಟ್ಟೋಳು ಅವಳೇ. ಮಗನ ಕಣ್ಣು ಓಗಿದ್ರೂ ಅವಳು ಆ ಇಸಯದಲ್ಲಿ ಸುಳ್ಳು ಯೋಳಲ್ಲ."

ಕೊಟ್ಟಿದ್ದು ನಿಜ. ನನ್ನ ಮಗಳು ಲಕ್ಷ್ಮಿ ಆಗ ಕೈಗೂಸು. ಅವಳಿಗೊಂದು ಕಡೆ, ನಿನಗೊಂದು ಕಡೆ. ವೆಂಕಟೇಶ ಆಗಲೇ ಅಂಗಳದಲ್ಲಿ ಓಡಾಡುತ್ತಿದ್ದ. ಲಕ್ಷ್ಮಿ ಮೂರು ತುಂಬುವ ಮೊದಲೇ ದಡಾರದಲ್ಲಿ ಹೋದಳು. ಅವಳು ಬದುಕಿದ್ದರೆ ನಿನ್ನ ಪಕ್ಕ ನಿಲ್ಲಿಸಿ ವಯಸ್ಸು ಹೇಳಬಹುದಿತ್ತು. ಇರಲಿಲ್ಲ. ಆ ಗಳಿಗೆಯಲ್ಲಿ ಅದು ನನಗೆ ಅನುಕೂಲವಾಗಿ ಕಂಡಿತು, ಮುನಿರಾಜ — ಹೆತ್ತ ಮಗಳು ಸತ್ತದ್ದು ಅನುಕೂಲವಾಗಿ — ಇದನ್ನು ಯಾವ ಬಾಯಲ್ಲಿ ಹೇಳಲಿ...

"ವೆಂಕಟೇಶನ ಜೊತೆ ಕುಡಿಸಿದ್ದು ಸಾಮಿ," ಅಂದೆ. "ಇಬ್ರೂ ಒಂದೇ ವಾರಗೆ. ಅದಿನೇಳು ತುಂಬೈತೆ."

"ಅಕ್ಕಾ, ಲಕ್ಷ್ಮಿ ಜೊತೆ ಅಲ್ವೇನಕ್ಕಾ!" ಅಂತ ರತ್ನಮ್ಮ ಚೀರಿದಳು.

"ಲಕ್ಷ್ಮಿ ಆಮೇಲೆ ಉಟ್ಟಿದ್ದು ಕಣೆ," ಅಂದೆ, ಅವಳ ಮುಖ ನೋಡದೆ.

ಕಟ್ಟೆಯ ಸುತ್ತ ನಿಂತವರಿಗೆಲ್ಲ ನಿಜ ಗೊತ್ತಿತ್ತು. ನಮ್ಮ ಮನೆಯ ಗಂಡಸರಿಗೂ ಗೊತ್ತಿತ್ತು. ವೆಂಕಟೇಶನ ಕಣ್ಣಿನ ಪಟ್ಟಿ ನೋಡಿ ಒಬ್ಬರೂ ತುಟಿಪಿಟಕ್ ಅನ್ನಲಿಲ್ಲ. ಡಾಕ್ಟರು ನಿನ್ನ ಮೂಳೆ ನೋಡಿ, ಹದಿನೈದೂ ಇರಬಹುದು, ಹದಿನೇಳೂ ಇರಬಹುದು ಅಂದರಂತೆ. ಕೋರ್ಟಿನಲ್ಲೂ ನನ್ನ ಮಾತೇ ನಿಂತಿತು. ನಿನ್ನಮ್ಮನೇ ಕರೆದ ಸಾಕ್ಷಿ ಅಲ್ಲವೇ ನಾನು.

ನೀನು ಜೈಲಿನಿಂದ ಬಂದ ಹೊಸತರಲ್ಲಿ ಯಾರಾದರೂ ಬೆನ್ನ ಹಿಂದೆ ಬಂದರೆ ಸಾಕು, ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಅಲ್ಲಿ, ಆ ದೊಡ್ಡವರ ನಡುವೆ, ನಿನಗೆ ಏನೇನಾಯಿತೋ — ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು ನನಗೆ? ಇತ್ತ ನಿಮ್ಮಮ್ಮನನ್ನು ಊರೆಲ್ಲ ಸುಳ್ಳುಬುರುಕಿ ಅಂತ ಆಡಿಕೊಂಡಿತು, ನಿಜ ಗೊತ್ತಿದ್ದವರೂ ಸೇರಿ. ಕೊನೆಗೆ ನಿನಗೇ ಅನುಮಾನ ಬಂತು. ಮದುವೆಯ ಮಾತು ನಡೆದಾಗ ನನ್ನ ಬಾಗಿಲಿಗೆ ಬಂದು ಕೇಳಿದೆ: "ದೊಡ್ಡಮ್ಮಾ, ನೀನಾದ್ರೂ ಯೋಳು. ಅಮ್ಮ ಯೋಳಿದ್ದು ಸುಳ್ಳಾ?"

"ಊಂ ಕಣಪ್ಪಾ," ಅಂದೆ. ಕಟ್ಟೆಯ ಮೇಲೆ ಹೇಳಿದ್ದು ಸಿಟ್ಟಿನಲ್ಲಿ. ಇದನ್ನು ತಣ್ಣಗೆ ಕೂತು ಅಕ್ಕಿ ಆರಿಸುತ್ತಾ ಹೇಳಿದೆ. ನೀನು ತಲೆಯಾಡಿಸಿ ಹೋದೆ. ಇಷ್ಟು ವರ್ಷ ಸುಳ್ಳು ಹೇಳಿ ನಂಬಿಸಿದಳು ಅಂತ ಅವತ್ತಿನಿಂದ ಹೆತ್ತವಳ ಜೊತೆ ಮಾತು ಬಿಟ್ಟೆ.

ಅವಳು ಹೇಳಿದ್ದೇ ನಿಜ, ಮುನಿರಾಜ. ಮೊದಲು ನಿನಗೆ ಹೇಳಿದ್ದೇನೆ. ನಾಳೆ ರತ್ನಮ್ಮನನ್ನು ಕರೆದುಕೊಂಡು ಹೋಗಿ ಊರವರ ಎದುರು ಹೇಳುತ್ತೇನೆ, ಆಮೇಲೆ ಸ್ಟೇಷನ್ನಿನಲ್ಲಿ ಹೇಳುತ್ತೇನೆ. ವೆಂಕಟೇಶ ಹೆದರಿಸುತ್ತಿದ್ದಾನೆ — "ಸುಮ್ಕಿರಮ್ಮ, ಸುಳ್ಳು ಸಾಕ್ಷಿ ಅಂತ ಕೇಸಾಗ್ತೈತೆ, ಈ ವಯಸ್ಸಲ್ಲಿ ಜೈಲಿಗೆ ಓಗ್ತೀಯಾ?" ಅಂತ. ಆಗಲಿ ಬಿಡು. ಚಿಕ್ಕವನು ಅಂತ ನಿನಗೆ ಸಿಗಬೇಕಾಗಿದ್ದ ಕರುಣೆಯನ್ನು ಕಿತ್ತುಕೊಂಡವಳು ನಾನು. ಮುದುಕಿ ಅಂತ ನನಗೆ ಯಾರೂ ಕರುಣೆ ತೋರಿಸುವುದು ಬೇಡ.