ಅವ್ವನ ಮಶೀನಿನ ಕಾಲು

ಕಲ್ಲಿಗೆ ಕಬ್ಬಿಣ ಉಜ್ಜಿದಾಗ ಏಳುವ ಸುಟ್ಟ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಮೊನ್ನೆ ನವನಗರದ ನಮ್ಮ ಓಣಿಗೆ ಚಾಕು, ಕತ್ತರಿ, ಈಳಿಗೆಗಳಿಗೆ ಸಾಣೆ ಹಿಡಿಯುವವನೊಬ್ಬ ಬಂದ. ನಮ್ಮ ಗೇಟಿನ ಮುಂದೆಯೇ ಸೈಕಲ್ ನಿಲ್ಲಿಸಿ, ಎದುರು ಮನೆಯವರ ಈಳಿಗೆ ಹಿಡಿದು ಪೆಡಲ್ ತುಳಿಯತೊಡಗಿದ. ಕಿಡಿ ಹಾರಿದವು, ವಾಸನೆ ಕಿಟಕಿಯಿಂದ ಒಳಗೆ ಬಂತು. ಅಕ್ಕಿ ಆರಿಸುತ್ತ ಕೂತಿದ್ದ ನನ್ನ ಮುಂದೆ ನಮ್ಮ ದೊಡ್ಡಪ್ಪ ಬಂದು ನಿಂತಂತಾಯಿತು. ಎಣ್ಣೆ ಕಲೆಯ ಖಾಕಿ ಚಡ್ಡಿ, ಕಿವಿಯ ಮೇಲೆ ಸಿಕ್ಕಿಸಿದ ಗಿಡ್ಡ ಪೆನ್ಸಿಲ್, ಒಂದು ಕಡೆ ಕಡ್ಡಿಯ ಬದಲು ದಾರ ಕಟ್ಟಿದ ಕನ್ನಡಕ... ಅವನನ್ನು ನೆನೆದರೆ ಬೇರೆಯವರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಅವನು ಹೋಗಿ ಅರ್ಧ ಶತಮಾನವಾದರೂ ಬರುತ್ತದೆ.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾಗಿದ್ದ. ದೊಡ್ಡವ್ವ ತೀರಿಕೊಂಡ ಮೇಲೆ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಇದ್ದ. ಹಿತ್ತಲಿನಲ್ಲಿ ತಗಡು ಹೊದಿಸಿದ ಒಂದು ಕೋಣೆ ಕಟ್ಟಿಕೊಂಡಿದ್ದ. ಬೆಳಗಿನ ಚಹಾ ಕುಡಿದು ಅದರೊಳಗೆ ಹೊಕ್ಕರೆ ಊಟಕ್ಕೆ ಕರೆದಾಗಲೇ ಹೊರಗೆ ಬರುವುದು. ಮುರಿದ ಛತ್ರಿಯ ಕಡ್ಡಿ ಅವನ ಕೈಯಲ್ಲಿ ಬೀಗದ ಸ್ಪ್ರಿಂಗ್ ಆಗುತ್ತಿತ್ತು. ಸೀಮೆಎಣ್ಣೆ ಡಬ್ಬಿ ಇದ್ದಿಲ ಒಲೆಯಾಗುತ್ತಿತ್ತು, ಸೈಕಲ್ಲಿನ ಸವೆದ ಟಯರು ತುಂಡಾಗಿ ಕೊಡದ ಕೆಳಗಿನ ಸಿಂಬಿಯಾಗುತ್ತಿತ್ತು. ಓಣಿಯಲ್ಲಿ ಯಾರ ಮನೆಯ ಸ್ಟೋವ್ ಕೆಟ್ಟರೂ, ಕಂದೀಲಿನ ಕಿವಿ ಕಿತ್ತರೂ ಮೊದಲು ನಮ್ಮ ಹಿತ್ತಲಿಗೇ ಬರುತ್ತಿದ್ದರು.

ಯಾವ ವಸ್ತು ಕೈಗೆ ಬಂದರೂ ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಡೀತೈತೇನು?" ನಡೆಯುತ್ತದೆ ಎಂದರೆ ಕೆಳಗಿಡುತ್ತಿದ್ದ, ಇಲ್ಲ ಎಂದರೆ ಬಿಚ್ಚಲು ಶುರು. ನಿಂತದ್ದರಿಂದ ತೆಗೆದು ನಡೆಯುವುದಕ್ಕೆ ಹಾಕಬೇಕು ಎಂಬುದು ಅವನ ಲೆಕ್ಕ. ಅದು ಯಾರದು ಎಂದು ಅವನು ಕೇಳಿದ್ದು ಒಮ್ಮೆಯೂ ನನ್ನ ಕಿವಿಗೆ ಬೀಳಲಿಲ್ಲ. ಒಂದು ಬೇಸಿಗೆಯಲ್ಲಿ ಅಪ್ಪನ ಛತ್ರಿ ಗೂಟಕ್ಕೆ ಸುಮ್ಮನೆ ತೂಗುಹಾಕಿತ್ತು. ದೊಡ್ಡಪ್ಪನ ಕಣ್ಣಿಗೆ ಅದು ನಿಂತ ಛತ್ರಿ, ಎರಡು ಕಡ್ಡಿ ಕಿತ್ತುಕೊಂಡಿದ್ದ. ಮೊದಲ ಮಳೆಗೆ ಅಪ್ಪ ಅದನ್ನು ಬಿಚ್ಚಿದರೆ ಒಂದು ಮಗ್ಗುಲು ಪೂರಾ ಜೋತುಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅಪ್ಪನೂ ನಕ್ಕ. ಆ ನಗುವನ್ನು ನೆನೆದರೆ ಈಗ ನಗು ಬರುವುದಿಲ್ಲ.

ಅವ್ವನ ಹತ್ತಿರ ಒಂದು ಹೊಲಿಗೆ ಮಶೀನು ಇತ್ತು. ಕಾಲಿನಿಂದ ತುಳಿಯುವಂಥದ್ದು. ಕಬ್ಬಿಣದ ಬಳ್ಳಿ ಕೊರೆದ ಎರಡು ಕಾಲು, ಅವುಗಳ ನಡುವೆ ತುಳಿಯುವ ಜಾಲರಿ, ಪಕ್ಕದಲ್ಲಿ ದೊಡ್ಡ ಗಾಲಿ, ಗಾಲಿಯಿಂದ ಮೇಲಿನ ಮಶೀನಿಗೆ ಚರ್ಮದ ಪಟ್ಟಿ. ನಾನು ಹುಟ್ಟಿದಾಗ ಅವಳ ತವರಾದ ಸತ್ತೂರಿನಿಂದ ನಮ್ಮ ಸೋದರಮಾವ ಚಕ್ಕಡಿಯಲ್ಲಿ ಹಾಕಿಕೊಂಡು ತಂದು ಕೊಟ್ಟದ್ದು. ಆ ಮನೆಯಲ್ಲಿ ಅವಳದು ಎಂದು ಹೇಳಬಹುದಾದದ್ದು ಮತ್ತೇನಿತ್ತೋ ನನಗೆ ಗೊತ್ತಿಲ್ಲ. ಮಧ್ಯಾಹ್ನ ಅಡುಗೆಮನೆಯ ಕೆಲಸ ಮುಗಿಸಿ ಅದರ ಮುಂದೆ ಕೂತಳೆಂದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ನಮ್ಮ ತಮ್ಮ ಹೊಟ್ಟೆಯಲ್ಲಿದ್ದಾಗ ಅವಳಿಗೆ ಒಂದು ಕೆಲಸ ಕೂಡಿಬಂತು. ನಾನು ಹೋಗುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಹಿರಿಯ ಅಕ್ಕೋರು ನಾನು ಉಟ್ಟ ಲಂಗದ ಹೊಲಿಗೆ ನೋಡಿ ಮನೆಗೇ ಬಂದರು. ಜೂನಿನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಮಕ್ಕಳಿಗೆಲ್ಲ ನೀಲಿ ಲಂಗ, ಬಿಳಿ ಪೋಲಕ ಹೊಲಿದು ಕೊಡಬೇಕು. ಅದು ಒಪ್ಪವಾಗಿ ಬಂದರೆ ಮುಂದೆ ಶಾಲೆಯಲ್ಲೇ ಹೊಲಿಗೆ ಕಲಿಸಲು ಅವಳನ್ನು ತೆಗೆದುಕೊಳ್ಳುವುದಾಗಿ ಹೇಳಿದರು. ನಮ್ಮವ್ವ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಕೋರು ಆಗುವುದು! ಅವರು ಹೋದ ಮೇಲೆ ಅವ್ವ ಚಹಾದ ಬಸಿಗಳನ್ನು ತೊಳೆದದ್ದನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು. ಮಶೀನಿಗೆ ಎಣ್ಣೆ ಹಾಕಿ, ಬಟ್ಟೆ ಹೊದಿಸಿ, ಹೆರಿಗೆಗೆಂದು ಸತ್ತೂರಿಗೆ ಹೋದಳು. ನಾನು ಶಾಲೆಯ ಸಲುವಾಗಿ ಅಜ್ಜಿಯ ಜೊತೆ ಹುಬ್ಬಳ್ಳಿಯಲ್ಲೇ ಉಳಿದೆ.

ಆಗಲೇ ದೊಡ್ಡಪ್ಪನ ಹತ್ತಿರ ಒಬ್ಬ ಬಂದದ್ದು. ಅರಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದವನು, ಮಶೀನಿಗೆ ಸಿಕ್ಕು ಎಡಗೈಯ ಮಣಿಕಟ್ಟಿನಿಂದ ಮುಂದಿನದೆಲ್ಲ ಹೋಗಿತ್ತು. ಹೆಂಡತಿ ಮಕ್ಕಳು ಇದ್ದರು, ಕೆಲಸ ಇರಲಿಲ್ಲ. ಸಾಣೆ ಹಿಡಿದು ಬದುಕುತ್ತೇನೆ, ಆದರೆ ಕಲ್ಲು ತಿರುಗಿಸಲು ಒಂದು, ಚಾಕು ಹಿಡಿಯಲು ಒಂದು ಕೈ ಬೇಕಲ್ಲ ಎಂದು ಅತ್ತನಂತೆ. ದೊಡ್ಡಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಕಲ್ಲನ್ನು ಕಾಲಿನಿಂದ ತಿರುಗಿಸುವಂತೆ ಮಾಡಬೇಕು, ತುಳಿಯುವ ಜಾಲರಿ ಬೇಕು, ಗಾಲಿ ಬೇಕು, ಪಟ್ಟಿ ಬೇಕು ಎಂದು ಲೆಕ್ಕ ಹಾಕುತ್ತ ಪಡಸಾಲೆಗೆ ಬಂದವನ ಕಣ್ಣಿಗೆ ಬಟ್ಟೆ ಹೊದ್ದು ನಿಂತ ಮಶೀನು ಬಿತ್ತು.

ನಮ್ಮ ಕಡೆ ಆಗ ತಮ್ಮನ ಹೆಂಡತಿಯ ಜೊತೆ ಭಾವ ಮಾತಾಡುತ್ತಿರಲಿಲ್ಲ. ಅವ್ವ ದೊಡ್ಡಪ್ಪನ ಎದುರಿಗೆ ಬರುತ್ತಿರಲಿಲ್ಲ. ಬರಲೇಬೇಕಾದರೆ ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಏನು ಹೇಳುವುದಿದ್ದರೂ ನನ್ನ ಮೂಲಕ. ಆದ್ದರಿಂದ ದೊಡ್ಡಪ್ಪ ಅವ್ವನನ್ನು ಕೇಳುವ ಮಾತೇ ಇರಲಿಲ್ಲ. ಅಪ್ಪನನ್ನು ಕೇಳಿದ. ಅಪ್ಪ ಎಂದೂ ಅಣ್ಣನ ಮಾತಿಗೆ ಬೇಡ ಎಂದವನಲ್ಲ. ಮಶೀನಿನ ತಲೆಯನ್ನು ಕಳಚಿ ಒಂದು ಹಲಗೆಯ ಮೇಲಿಟ್ಟು, ಕಾಲುಗಳನ್ನು ಹಿತ್ತಲಿಗೆ ಒಯ್ಯುವಾಗ ನಾನು ಅಡ್ಡ ನಿಂತು, ಅವ್ವನನ್ನು ಕೇಳಿದ್ದೀರೇನು ಎಂದೆ. ದೊಡ್ಡಪ್ಪ ನನ್ನ ಗಲ್ಲ ಹಿಂಡಿದ.

"ನಿಮ್ಮಪ್ಪನ್ನ ಕೇಳೇನಲ್ಲವಾ," ಎಂದ.

ತಮ್ಮನಿಗೆ ಐದು ತಿಂಗಳು ತುಂಬುವ ಮೊದಲೇ, ಸತ್ತೂರಿನ ಅಮ್ಮಮ್ಮ ಬೇಡ ಬೇಡ ಎನ್ನುತ್ತಿದ್ದರೂ, ಹೊಲಿಯುವ ಕೆಲಸವಿದೆ ಎಂದು ಅವ್ವ ಹಟ ಹಿಡಿದು ಬಂದಳು. ಶಾಲೆಯ ನೀಲಿ ಬಟ್ಟೆಯ ಗಂಟು ಅವಳಿಗಿಂತ ಮೊದಲೇ ಮನೆಗೆ ಬಂದು ಕೂತಿತ್ತು. ಕೂಸನ್ನು ಅಜ್ಜಿಯ ಕೈಗೆ ಕೊಟ್ಟು, ಕೈಕಾಲು ಸಹ ತೊಳೆಯದೆ ಪಡಸಾಲೆಯ ಮೂಲೆಗೆ ಹೋದಳು. ಹಲಗೆಯ ಮೇಲೆ ಮಶೀನಿನ ತಲೆ ಕೂತಿತ್ತು. ಅದರ ಪಕ್ಕಕ್ಕೆ ದೊಡ್ಡಪ್ಪ ಕೈಯಿಂದ ತಿರುಗಿಸಲು ಒಂದು ಹಿಡಿ ಜೋಡಿಸಿದ್ದ, ಬಹಳ ನಾಜೂಕಾಗಿಯೇ ಜೋಡಿಸಿದ್ದ. ಅವ್ವ ಅದನ್ನೂ ಖಾಲಿ ನೆಲವನ್ನೂ ನೋಡಿದಳು. ಆಮೇಲೆ ಬಾಗಿಲ ಹಿಂದೆ ಹೋಗಿ ನಿಂತು ನನ್ನನ್ನು ಕರೆದಳು.

"ಕೇಳವಾ ನಿಮ್ಮ ದೊಡ್ಡಪ್ಪನ್ನ, ನನ್ನ ಮಶೀನಿನ ಕಾಲು ಎಲ್ಲಿ ಅದಾವಂತ."

ನಾನು ಕೇಳಿದೆ. ದೊಡ್ಡಪ್ಪ ಸಂತೋಷದಿಂದಲೇ ಉತ್ತರ ಕೊಟ್ಟ, ಅದೇ ನನಗೆ ಇಂದಿಗೂ ತಡೆಯಲಾಗದ್ದು. ಪಾಪ, ಕೈ ಇಲ್ಲದವನು ಈಗ ದುಡಿದು ತಿನ್ನುತ್ತಿದ್ದಾನೆ ಎಂದು ಬಣ್ಣಿಸಿದ. ಸಾಲಿ ಶುರುವಾಗುವುದರೊಳಗೆ ಬೇರೆ ಕಾಲು ಮಾಡಿ ಕೊಡುತ್ತೇನೆ ಎಂದು ನಿಮ್ಮವ್ವನಿಗೆ ಹೇಳು ಎಂದ. ಬಾಗಿಲ ಹಿಂದೆ ಅವ್ವನಿಗೆ ಎಲ್ಲವೂ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಮತ್ತೆ ಹೇಳಬೇಕು, ಅದು ಪದ್ಧತಿ. ಹೇಳಿದೆ. ಅವಳು ಹೋಗಿ ಅಜ್ಜಿಯ ಕೈಯಿಂದ ಕೂಸನ್ನು ತೆಗೆದುಕೊಂಡಳು. ಅಪ್ಪ ಮನೆಗೆ ಬಂದಾಗ ಮಾತ್ರ ಒಂದು ಮಾತು ಆಡಿದಳು.

"ನನ್ನ ಕೇಳಬೇಕು ಅನಸಲಿಲ್ಲೇನ್ರಿ?"

ಸುಮ್ಮನೆ ನಿಂತಿತ್ತಲ್ಲ ಎಂದು ಅಪ್ಪ ಗೊಣಗಿದ. ನಿಂತಿತ್ತಂತೆ! ಬಾಣಂತಿ ಮಲಗಿದ್ದಳು, ಮಶೀನು ನಿಂತಿತ್ತು. ಹೆತ್ತು ಬರಲು ಹೋದವಳ ವಸ್ತು ವಾರಸುದಾರರಿಲ್ಲದ ವಸ್ತುವಾಗುತ್ತದೆಯೇ? ಗಂಡಸರು ಜ್ವರ ಬಂದು ತಿಂಗಳುಗಟ್ಟಲೆ ಮಲಗಿದರೆ ಅವರ ಸೈಕಲ್ಲಿನ ಗಾಲಿಯನ್ನು ಯಾರಾದರೂ ಕಿತ್ತು ದಾನ ಮಾಡಿದ್ದಾರೆಯೇ? 

ದೊಡ್ಡಪ್ಪ ಮಾತಿಗೆ ತಪ್ಪಬೇಕೆಂದಿರಲಿಲ್ಲ. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ಕಬ್ಬಿಣದ ಕಾಲು ಸಿಗಲಿಲ್ಲ ಎಂದು ಜಾಲಿಯ ಕಟ್ಟಿಗೆಯಲ್ಲಿ ಮಾಡಿದ. ಅವ್ವ ತುಳಿದರೆ ಅದು ಮೈ ತುಂಬ ನಡುಗುತ್ತಿತ್ತು, ಪಟ್ಟಿ ಜಾರುತ್ತಿತ್ತು, ದಾರ ಹರಿಯುತ್ತಿತ್ತು. ಮತ್ತೆ ಬಿಚ್ಚಿ ಮತ್ತೆ ಮಾಡಿದ. ಅವನಿಗೆ ಅದೊಂದು ಆಟದಂತೆ ಹುರುಪು ತರುತ್ತಿತ್ತು; ಊಟ ಮಾಡುವಾಗಲೂ ಅದರದೇ ಮಾತು. ಈ ಕಡೆ ಅವ್ವ ಒಂದು ಕೈಯಿಂದ ಹಿಡಿ ತಿರುಗಿಸುತ್ತ, ಒಂದು ಕೈಯಿಂದ ಬಟ್ಟೆ ಸರಿಸುತ್ತ ಹೊಲಿಯುತ್ತಿದ್ದಳು. ಕೂಸು ಅತ್ತರೆ ನಾನು ತಿರುಗಿಸುತ್ತಿದ್ದೆ. ನನ್ನ ಕೈ ಹೆಚ್ಚುಕಡಿಮೆಯಾಗಿ ಹೊಲಿಗೆ ಸೊಟ್ಟಗಾಗುತ್ತಿತ್ತು, ಅವಳು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಗಂಟಿನಲ್ಲಿ ಬಟ್ಟೆ ಕರಗಲೇ ಇಲ್ಲ. ಶಾಲೆ ಶುರುವಾಗಲು ಇನ್ನು ಸ್ವಲ್ಪವೇ ದಿನ ಎನ್ನುವಾಗ ಹಿರಿಯ ಅಕ್ಕೋರು ಬಂದು ನೋಡಿದರು. ಬೈಯಲಿಲ್ಲ. ಉಳಿದ ಬಟ್ಟೆಯನ್ನು ಇನ್ನೊಬ್ಬರ ಮನೆಗೆ ಕಳಿಸಿದರು. ಆ ಇನ್ನೊಬ್ಬರೇ ಮರುವರ್ಷ ನಮ್ಮ ಶಾಲೆಗೆ ಹೊಲಿಗೆ ಅಕ್ಕೋರಾಗಿ ಬಂದರು. ನನಗೆ ಕಾಜಾ ಹಾಕಲು ಕಲಿಸಿದವರು ಅವರೇ. ಒಳ್ಳೆಯವರು. ಅವರ ತರಗತಿಯಲ್ಲಿ ನಾನು ತಲೆ ಎತ್ತಿ ಕೂತದ್ದಿಲ್ಲ.

ಬಟ್ಟೆಯ ಗಂಟು ಮನೆಯಿಂದ ಹೋದ ಆ ಮಳೆಗಾಲದಲ್ಲೇ ಸಾಣೆಯವನು ನಮ್ಮ ಓಣಿಗೆ ಬಂದ. ದೊಡ್ಡಪ್ಪ ಮಾಡಿಕೊಟ್ಟ ಕೈಗಾಡಿಯ ಮೇಲೆ ಅವ್ವನ ಮಶೀನಿನ ಬಳ್ಳಿಕಾಲುಗಳು, ಅವ್ವನ ಗಾಲಿ. ಇರುವ ಕೈಯಲ್ಲಿ ಚಾಕು ಹಿಡಿದು, ಮೊಂಡುಗೈಯಿಂದ ಅದನ್ನು ಒತ್ತಿ, ಕಾಲಿನಿಂದ ತುಳಿಯುತ್ತಿದ್ದ. ಜನ ಸುತ್ತಲೂ ನೆರೆದು ದೊಡ್ಡಪ್ಪನನ್ನು ಹೊಗಳಿದ್ದೇ ಹೊಗಳಿದ್ದು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ನಾಚಿಕೊಳ್ಳುತ್ತಿದ್ದ. ಸಾಣೆಯವನು ನಮ್ಮ ಬಾಗಿಲಿಗೆ ಬಂದು, ನಿಮ್ಮ ಮನೆಯದೇನಿದ್ದರೂ ಕೊಡಿ ತಾಯಿ, ಪುಕ್ಕಟೆ ಹಿಡಿದು ಕೊಡುತ್ತೇನೆ ಎಂದ. ಅವ್ವ ಒಳಗಿನಿಂದ ತನ್ನ ಹೊಲಿಗೆಯ ಕತ್ತರಿಯನ್ನು ನನ್ನ ಕೈಯಲ್ಲಿ ಕಳಿಸಿದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನಿಂದ ಕಾಲು ವಾಪಸ್ ಕೇಳುವ ಕಲ್ಲೆದೆ ಯಾರಿಗಿರುತ್ತದೆ? ಉಪಕಾರ ಮಾಡಿದ ಹೆಸರು ಬಂದದ್ದು ದೊಡ್ಡಪ್ಪನಿಗೆ, ಮಾಡಿದವಳು ಬಾಗಿಲ ಹಿಂದೆ ಇದ್ದಳು.

ಕತ್ತರಿಯಿಂದ ಕಿಡಿ ಹಾರುತ್ತಿದ್ದಾಗ ಅವ್ವ ಬಾಗಿಲ ಸಂದಿಯಿಂದ ಆ ಗಾಲಿ ತಿರುಗುವುದನ್ನೇ ನೋಡಿದಳು. ಸಾಣೆಯವನು ಮುಂದೆ ಹೋದ. ದೊಡ್ಡಪ್ಪ ಎದ್ದು ತನ್ನ ತಗಡಿನ ಕೋಣೆಗೆ ಹೋದ. ಅವ್ವ ಪಡಸಾಲೆಯ ಮೂಲೆಗೆ ಹೋಗಿ ಮಶೀನಿನ ತಲೆಯನ್ನು ಎರಡೂ ಕೈಯಿಂದ ಎತ್ತಿ ಹೊಟ್ಟೆಗೆ ಅವಚಿಕೊಂಡಳು. ಅದರ ಭಾರಕ್ಕೆ ಸೆರಗು ಜಾರಿತು, ಸರಿಮಾಡಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹಾಗೆಯೇ ಬರಿತಲೆಯಲ್ಲಿ ಹಿತ್ತಲಿಗೆ ನಡೆದಳು, ಹಿಂದೆ ನಾನು. ಕೋಣೆಯ ಒಳಗೆ ಹೋಗಿ ದೊಡ್ಡಪ್ಪನ ಮುಂದಿನ ಮೇಜಿನ ಮೇಲೆ ಮಶೀನನ್ನು ಇಟ್ಟಳು. ಅವನ ಮುಖ ನೋಡಿದಳು.

"ಇದನ್ನೂ ತಗೋರಿ ಭಾವಾರ. ಇದೂ ನಿಂತೈತಿ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ಅವನ ಜೊತೆ ನೇರವಾಗಿ ಆಡಿದ್ದು ಆ ಒಂದು ಮಾತು. ದೊಡ್ಡಪ್ಪ ಎದ್ದು ನಿಂತ. ಕೈಯ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡ. ರೂಢಿಯಂತೆ ನನ್ನ ಕಡೆ ತಿರುಗಿ, "ಹೇಳವಾ ನಿಮ್ಮವ್ವಗ..." ಎಂದು ಶುರು ಮಾಡಿದ. ಆಮೇಲೆ ಕನ್ನಡಕದ ದಾರ ಬಿಗಿಮಾಡಿಕೊಳ್ಳತೊಡಗಿದ. ಅವ್ವ ಕಾಯಲಿಲ್ಲ, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.

ಆಮೇಲೆ ಅವಳು ಮಶೀನಿನ ಮೇಲೆ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಹಳೆ ಸೀರೆಗಳ ಕೌದಿಯನ್ನು ಕೈಯಿಂದ ಹೊಲಿಯುತ್ತಿದ್ದಳು, ಅಷ್ಟೇ. ದೊಡ್ಡಪ್ಪ ಬಿಚ್ಚುವುದನ್ನೂ ಜೋಡಿಸುವುದನ್ನೂ ಬಿಡಲಿಲ್ಲ, ಆದರೆ ಮನೆಯೊಳಗಿನ ವಸ್ತುಗಳನ್ನು ಮುಟ್ಟುವುದು ನಿಂತಿತು. ತಪ್ಪಾಯಿತು ಎಂಬ ಒಂದು ಮಾತು ಅವನಿಂದ ಅವ್ವನಿಗೆ ಬರಲಿಲ್ಲ. ಬಂದಿದ್ದರೆ ನನ್ನ ಮೂಲಕವೇ ಬರಬೇಕಿತ್ತಲ್ಲ... ನಾನು ಕಾದೆ. ದೊಡ್ಡಪ್ಪ ಹಿತ್ತಲಿನಿಂದ ನನ್ನನ್ನು ಕರೆದಾಗಲೆಲ್ಲ ಇವತ್ತು ಹೇಳುತ್ತಾನೆ ಎಂದುಕೊಂಡು ಓಡುತ್ತಿದ್ದೆ. ಮೊಳೆ ಹಿಡಿ ಎನ್ನುತ್ತಿದ್ದ, ಸುತ್ತಿಗೆ ಕೊಡು ಎನ್ನುತ್ತಿದ್ದ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡ. ದಿನಕರ್ಮ ಎಲ್ಲ ಮುಗಿದ ಮೇಲೆ ಅಪ್ಪ ತಗಡಿನ ಕೋಣೆ ತೆರೆದ. ಮೇಲಿನ ಹಲಗೆಯಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಮಶೀನಿನ ತಲೆ ಸಿಕ್ಕಿತು. ಒಂದು ತಿರುಪೂ ಹೋಗಿರಲಿಲ್ಲ. ಅವನ ಕೋಣೆ ಹೊಕ್ಕ ವಸ್ತು ಇಡಿಯಾಗಿ ಉಳಿದದ್ದು ಬಹುಶಃ ಅದೊಂದೇ. ಅವ್ವ ತಲೆಗೇ ಅಂಟಿಕೊಂಡಿದ್ದ ಪುಟ್ಟ ಗಾಲಿಯ ಮೇಲೆ ಕೈಯಿಟ್ಟು ಮೆಲ್ಲಗೆ ತಿರುಗಿಸಿದಳು. ಸದ್ದಿಲ್ಲದೆ ತಿರುಗಿತು, ಬೆರಳಿಗೆ ಹೊಸ ಎಣ್ಣೆ ಅಂಟಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಕೇಳಿದ್ರ ನಾನಽ ಕೊಡತಿದ್ನೇನೊ," ಎಂದಳು.

ಎಲ್ಲಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸುವುದು ಆ ಮಾತು. ಕದ್ದುಮುಚ್ಚಿ ಎಣ್ಣೆ ಹಾಕುತ್ತಿದ್ದನಂತೆ, ಅಷ್ಟು ವರ್ಷ! ಎಣ್ಣೆ ಹಾಕಲು ಬಂದವನಿಗೆ ಬಾಯಿ ಬಿಡಲು ಏನಾಗಿತ್ತು? ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಒಮ್ಮೆ ಬೈದು ಮರೆತುಬಿಡುತ್ತಿದ್ದೆ.

ಅವ್ವನೂ ಹೋದಳು. ಮಶೀನಿನ ತಲೆ ಈಗ ನನ್ನ ಮನೆಯಲ್ಲಿ, ಹೊರಗಿನ ಕೋಣೆಯ ಮೇಜಿನ ಮೇಲಿದೆ. ಮೊನ್ನೆ ಆ ವಾಸನೆಗೆ ತಲೆ ಸಿಡಿಯುತ್ತಿದ್ದರೂ ನಾನು ಎದ್ದು ಅವ್ವನ ಕತ್ತರಿಯನ್ನು ತೆಗೆದುಕೊಂಡು ಗೇಟಿಗೆ ಹೋದೆ. ಸಾಣೆಯವನು ಹಿಡಿದು ಕೊಟ್ಟ. ಕುಡಿಯಲು ನೀರು ಕೇಳುತ್ತ ಬಾಗಿಲವರೆಗೆ ಬಂದ. ನಾನು ತಂಬಿಗೆ ತರುವಷ್ಟರಲ್ಲಿ ಹೊಸ್ತಿಲ ಹೊರಗೇ ನಿಂತು ಮಶೀನನ್ನು ನೋಡುತ್ತಿದ್ದ.

"ಛಲೋ ಇಟ್ಟೀರಿ," ಎಂದ. "ಯಾರದ್ರಿ ಇದು?"

ತಂಬಿಗೆಯನ್ನು ಅವನ ಕೈಗೆ ಕೊಟ್ಟೆ. ದೊಡ್ಡಪ್ಪ ಕೇಳಬೇಕಾಗಿದ್ದದ್ದು ಇಷ್ಟೇ. ಸತ್ತೂರೇನು ದೂರವೇ? ಒಮ್ಮೆ ಹೋಗಿ, ಹೀಗೆಯೇ ಹೊಸ್ತಿಲ ಹೊರಗೆ ನಿಂತು, ಬೇಕಾದರೆ ನನ್ನ ಬಾಯಿಂದಲೇ ಕೇಳಿಸಬಹುದಿತ್ತು.

"ನಮ್ಮವ್ವಂದು," ಎಂದೆ.

ಜೋರಾಗಿಯೇ ಹೇಳಿದೆ, ಹಿತ್ತಲಿನವರೆಗೂ ಕೇಳಲಿ ಎನ್ನುವಂತೆ. ಸಾಣೆಯವನು ಬೆಚ್ಚಿ ನನ್ನ ಮುಖ ನೋಡಿದ. ಈ ಮನೆಗೆ ಹಿತ್ತಲು ಇಲ್ಲ. ತಗಡಿನ ಕೋಣೆ ಇಲ್ಲ, ಕೇಳಿಸಿಕೊಳ್ಳಲು ದೊಡ್ಡಪ್ಪನೂ ಇಲ್ಲ.