ರಾಗಿ ಬೀಸುವ ಪದಕ್ಕೆ ಕ್ಲಿಕ್ ಹಾಕಿದ್ದು

"ಇವರಿಗೆ ತಾಳಜ್ಞಾನವೇ ಇಲ್ಲ" ಎಂದಿದ್ದ ಆ ಮನುಷ್ಯ. ನಲವತ್ತು ವರ್ಷ ಒಂದೇ ಕಲ್ಲಿನ ಮುಂದೆ ಎದುರುಬದುರು ಕೂತು ರಾಗಿ ಬೀಸಿದ ಇಬ್ಬರು ಹೆಂಗಸರ ಬಗ್ಗೆ ಹಾಗೆಂದ. ಇಷ್ಟು ಕಾಲವಾದರೂ ಆ ಮಾತು ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಿರಬೇಕು. ಗುಂಡ್ಲುಪೇಟೆಯಲ್ಲಿ ನನ್ನಣ್ಣನ ಮೈಕ್ ಸೆಟ್ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯ ಗೋಡೆಗೆ ಹಳೆ ಹಾಸಿಗೆ, ಗೋಣಿಚೀಲ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದೆವು. ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್ ಒಂದನ್ನು ಅಣ್ಣ ಕೇರಳದ ಕಡೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ತಂದವನಿಗೆ ಅದನ್ನು ಆನ್ ಮಾಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಜೊತೆಗೆ ಬಂದ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿ ಕಲಿತವಳು ನಾನು. ಆದರೂ ಬಂದವರೆಲ್ಲ ನನ್ನನ್ನೇ "ರೆಕಾರ್ಡಿಂಗ್ ಮಾಡೋರು ಎಲ್ಲಿದ್ದಾರಮ್ಮಾ?" ಎಂದು ಕೇಳುತ್ತಿದ್ದರು. ನಾನೇ ಎಂದರೆ ನಂಬದೆ ಕೋಣೆಯೊಳಗೆ ಇನ್ನೊಂದು ಸಲ ಇಣುಕುತ್ತಿದ್ದರು.

ಈ ಮನುಷ್ಯನೂ ಹಾಗೇ ಇಣುಕಿದವನು. ಚಾಮರಾಜನಗರದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಕೀಬೋರ್ಡ್ ಮೇಷ್ಟ್ರು. ನಮ್ಮ ಸೀಮೆಯ ಹಳ್ಳಿಪದಗಳಿಗೆ ಕೀಬೋರ್ಡು, ಡ್ರಮ್ಮು ಸೇರಿಸಿ ಕ್ಯಾಸೆಟ್ ಮಾಡುವ ಯೋಚನೆ ಅವನದು. ರಾಗಿ ಬೀಸುವ ಪದ ಬೇಕೆಂದ. ಬೇಗೂರಿನ ಹತ್ತಿರದ ಒಂದು ಹಳ್ಳಿಯಿಂದ ವಾರಗಿತ್ತಿಯರಿಬ್ಬರನ್ನು ನಾನೇ ಹುಡುಕಿ ಕರೆತಂದೆ. ದೊಡ್ಡಜ್ಜಿ ಪದ ಎತ್ತಿಕೊಡುವವರು, ಚಿಕ್ಕಜ್ಜಿ ಸಾಲಿನ ತುದಿ ಹಿಡಿದು ಮುಗಿಸುವವರು. ಬರುವ ಮೊದಲೇ ದೊಡ್ಡಜ್ಜಿ ಒಂದು ಷರತ್ತು ಹಾಕಿದ್ದರು.

"ನಮ್ಮಿಬ್ರು ದನಿನೂ ಇರೋ ಒಂದು ಕ್ಯಾಸೆಟ್ಟ ನಮ್ಗೆ ಕುಡ್ಬೇಕು ಕಣವ್ವ. ಮನೇಲಿ ಕಲ್ಲು ಮೂಲೆ ಸೇರದೆ, ಸೊಸೇರೆಲ್ಲ ಮಿಲ್ಲಿಗೆ ಓಯ್ತರೆ. ನಾವು ಒಂಟೋದ್ಮೇಲೆ ಈ ಪದ ಯಾರ ಬಾಯಲ್ಲಿರ್ತದೆ?"

ಕೊಡುತ್ತೇನೆ ಅಜ್ಜಿ ಎಂದು ಮಾತು ಕೊಟ್ಟೆ.

ಕ್ಲಿಕ್ ಟ್ರ್ಯಾಕ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಒಂದೇ ವೇಗದಲ್ಲಿ ಟಕ್ ಟಕ್ ಎನ್ನುವ ಸದ್ದನ್ನು ಮೊದಲು ಒಂದು ಟ್ರ್ಯಾಕಿಗೆ ತುಂಬಿಕೊಳ್ಳುವುದು. ಹಾಡುವವರು, ನುಡಿಸುವವರು ಎಲ್ಲರೂ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ಹೆಜ್ಜೆ ಹಾಕುವುದು. ಆಮೇಲೆ ಅದನ್ನು ಮುಚ್ಚಿಬಿಟ್ಟರೆ ಕ್ಯಾಸೆಟ್ ಕೊಂಡವರಿಗೆ ಕೇಳಿಸುವುದಿಲ್ಲ. ಮೇಷ್ಟ್ರು ಹೇಳಿದ ವೇಗಕ್ಕೆ ಕ್ಲಿಕ್ ತುಂಬಿ ಅಜ್ಜಿಯರ ಕಿವಿಗೆ ಹೆಡ್‌ಫೋನ್ ಇಟ್ಟೆ. ಒಂದು ಸಾಲು ಹಾಡುವಷ್ಟರಲ್ಲಿ ದೊಡ್ಡಜ್ಜಿ ಅದನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡರು.

"ಇದ್ಯಾನವ್ವ, ಕಿವಿ ಒಳ್ಗೆ ಗೂಟ ಒಡೀತೀಯೆ?"

ಚಿಕ್ಕಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಕಲ್ಲಿಲ್ಲದೆ ಅವರಿಗೆ ಪದವೇ ಬರುತ್ತಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಮಾರನೆಯ ದಿನ ಅವರ ಮನೆಯ ಬೀಸುವ ಕಲ್ಲನ್ನೇ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದೆವು. ಬರಿ ಕಲ್ಲು ತಿರುಗಿಸಬಾರದೆಂದು ಮೊರದಲ್ಲಿ ರಾಗಿಯನ್ನೂ ತಂದಿದ್ದರು. ಹೆದ್ದಾರಿಯಲ್ಲಿ ಊಟಿ ಕಡೆಯ ಬಸ್ಸು, ಕೇರಳದ ತರಕಾರಿ ಲಾರಿ ಹಾರ್ನ್ ಹೊಡೆದಾಗಲೆಲ್ಲ ನಿಲ್ಲಿಸಿ, ಮತ್ತೆ ಶುರು ಮಾಡಿ, ಮಧ್ಯಾಹ್ನದ ಹೊತ್ತಿಗೆ ಪದ ಸಿಕ್ಕಿತು. ಮೈಕಿನ ಮೇಲೆಲ್ಲ ಹಿಟ್ಟು. ಇಬ್ಬರ ದನಿ, ಕಲ್ಲಿನ ಗುರುಗುರು ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಚೆನ್ನಾಗಿ ಕೂತಿದ್ದವು. ಅಂಥ ರೆಕಾರ್ಡಿಂಗನ್ನು ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಈಗ ಕ್ಲಿಕ್ಕಿಗೆ ಹಾಡಲ್ಲ, ಹಾಡಿಗೇ ಕ್ಲಿಕ್ ಹೊಂದಿಸಬೇಕಿತ್ತು. ಕಲ್ಲಿನ ಒಂದು ಸುತ್ತಿಗೆ ಒಂದು ಟಕ್. ಕಲ್ಲಿನ ಸದ್ದು ಕೇಳುತ್ತ ನಾನೇ ಬೆರಳಿನಿಂದ ಗುಂಡಿ ತಟ್ಟಿ ಎಂಟನೆಯ ಟ್ರ್ಯಾಕಿಗೆ ತುಂಬಿಸಿದೆ. ಕಿವಿ ಕೇಳಿದ ಮೇಲೆ ತಾನೆ ಬೆರಳು ತಟ್ಟುವುದು? ಹಾಗಾಗಿ ಪ್ರತಿ ಟಕ್ಕೂ ಕೂದಲೆಳೆಯಷ್ಟು ತಡವಾಗಿತ್ತು. ಒಂದೊಂದನ್ನೂ ಆ ಚಿಕ್ಕ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತ ಹಿಂದಕ್ಕೆ ಜರುಗಿಸಿ ಕಲ್ಲಿನ ಸದ್ದಿನ ಬುಡಕ್ಕೆ ಕೂರಿಸಿದೆ. ಹಾಗೆ ಮಾಡುವಾಗಲೇ ಒಂದು ವಿಷಯ ಗೊತ್ತಾಗಿದ್ದು. ಎಂಟು ಹತ್ತು ಸುತ್ತಿಗೊಮ್ಮೆ ಪದ ಸ್ವಲ್ಪ ತೂಗಿ ನಿಲ್ಲುತ್ತಿತ್ತು. ದೊಡ್ಡಜ್ಜಿ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕುವ ಹೊತ್ತು ಅದು. ಅಷ್ಟರವರೆಗೆ ಚಿಕ್ಕಜ್ಜಿ ಸಾಲಿನ ಕೊನೆಯ ಅಕ್ಷರವನ್ನು ಎಳೆದು ಹಿಡಿದಿರುತ್ತಿದ್ದರು. ಬೀಸುವ ಪದದ ಚಂದವೆಲ್ಲ ಆ ಎಳೆತದಲ್ಲಿತ್ತು. ಐದು ನಿಮಿಷದ ಪದಕ್ಕೆ ಮೂರು ದಿನ ಕೂತೆ. ಕುತ್ತಿಗೆ ಹಿಡಿದುಕೊಂಡಿತು, ಆದರೆ ಒಂದು ಟಕ್ಕೂ ಆಚೀಚೆ ಇರಲಿಲ್ಲ.

ಮೇಷ್ಟ್ರು ಬಂದ. ನನ್ನ ಕ್ಲಿಕ್ ಕೇಳುತ್ತ ಕೀಬೋರ್ಡ್ ನುಡಿಸತೊಡಗಿದ. ಮೊದಲ ಹಿಡಿ ರಾಗಿ ಬಿದ್ದ ಕಡೆ ಮುಗ್ಗರಿಸಿದ. ಎರಡನೆಯ ಸಲವೂ ಅಲ್ಲೇ ಮುಗ್ಗರಿಸಿದ.

"ಕ್ಲಿಕ್ ತಪ್ಪಾಗಿದೆಯಲ್ಲಮ್ಮಾ."

"ತಪ್ಪಿಲ್ಲ ಸಾರ್. ಅಲ್ಲಿ ಕಲ್ಲಿಗೆ ರಾಗಿ ಹಾಕ್ತಾರೆ."

"ರಾಗಿ ಹಾಕೋದು ಕ್ಯಾಸೆಟ್ಟಲ್ಲಿ ಕಾಣುತ್ತಾ?"

"ಕಾಣಲ್ಲ. ಕೇಳುತ್ತೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಅಜ್ಜಿಯರಿಗೆ ತಾಳಜ್ಞಾನವಿಲ್ಲ, ಪದವನ್ನು ಬೇರೆಯವರಿಂದ ಹಾಡಿಸುತ್ತೇನೆ ಎಂದದ್ದು ಆಗಲೇ. ನಾನು ಸುಮ್ಮನಿರಲಿಲ್ಲ. ನೀವು ಒಂದು ದಿನ ಒಂದು ಸೇರು ರಾಗಿ ಬೀಸಿ ಸಾರ್, ಆಮೇಲೆ ತಾಳದ ಮಾತಾಡಿ ಎಂದೆ. ಅಜ್ಜಿಯರನ್ನು ಒಂದು ಮಾತು ಕೇಳಿದಿರಾ, ಅವರ ಪದವನ್ನು ಏನು ಬೇಕಾದರೂ ಮಾಡಿಬಿಡಬಹುದಾ ಎಂದೂ ಜೋರಾಗಿಯೇ ಕೇಳಿದೆ. ಅಣ್ಣ ಅಂಗಡಿಯಿಂದ ಓಡಿಬಂದು ನನಗೇ ಕಣ್ಣು ಬಿಟ್ಟ. ಮೇಷ್ಟ್ರು ನಕ್ಕು, "ಹುಡುಗಿಗೆ ಸಿಟ್ಟು ಜಾಸ್ತಿ" ಎಂದು ಎದ್ದುಹೋದ.

ವಾರದ ಮೇಲೆ ಮೈಸೂರಿನಿಂದ ಒಬ್ಬ ಗಾಯಕಿಯನ್ನು ಕರೆದುಕೊಂಡು ಬಂದ. ಪದವನ್ನು ಕಾಗದದಲ್ಲಿ ಬರೆಸಿ ಅವಳ ಕೈಗೆ ಕೊಟ್ಟಿದ್ದ. ಗಡಿಯಾರದಂಥ ಹೊಸ ಕ್ಲಿಕ್ ಹಾಕಿಸಿದ. ಆ ಹುಡುಗಿಯ ತಪ್ಪೇನೂ ಇಲ್ಲ, ದನಿ ಚೆನ್ನಾಗಿತ್ತು. ಎರಡು ಸಾಲು ಹಾಡುವಷ್ಟರಲ್ಲಿ ರೆಕಾರ್ಡರ್ ನಿಂತುಹೋಯಿತು. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಪರದೆಯ ಮೇಲೆ ಬಂತು.

"ಆ ಮುದುಕೀರದ್ದು ತೆಗೀರಿ. ಪದ ಅದೇ ತಾನೆ?" ಎಂದ ಮೇಷ್ಟ್ರು.

ನಾನು ಅದನ್ನು ಮೊದಲು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕಿತ್ತು. ಐದು ನಿಮಿಷದ ಕೆಲಸ. ಎರಡು ವಾರದಿಂದ ನಾಳೆ ಮಾಡಿದರಾಯಿತು ಎಂದುಕೊಂಡೇ ಇದ್ದೆ. ಈಗ ಇಳಿಸುತ್ತೇನೆ, ಐದು ನಿಮಿಷ ಕಾಯಿರಿ ಎನ್ನಬಹುದಿತ್ತು. ಎಂದೆ ಕೂಡ. ಮೇಷ್ಟ್ರು ಗಡಿಯಾರ ನೋಡಿಕೊಂಡ, "ಕರೆಂಟ್ ಹೋಗೋ ಹೊತ್ತಮ್ಮಾ" ಎಂದ, ಆ ಗಾಯಕಿ ಹೆಡ್‌ಫೋನ್ ಹಾಕಿಕೊಂಡೇ ನನ್ನನ್ನು ನೋಡುತ್ತಿದ್ದಳು, ಬಾಗಿಲಲ್ಲಿ ಅಣ್ಣ ನಿಂತಿದ್ದ. ಇವರೆಲ್ಲರ ಮುಂದೆ ಕೆಲಸ ಗೊತ್ತಿಲ್ಲದವಳ ಹಾಗೆ ಕಾಣಲು ನನಗೆ ಇಷ್ಟವಿರಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟೇ. ಖಂಡಿತವಾಗಿಯೂ ಅಳಿಸಬೇಕೇ ಎಂದು ಯಂತ್ರ ಕೇಳಿತು. ಹೌದು ಎಂದು ಗುಂಡಿ ಒತ್ತಿದೆ. ಇಬ್ಬರ ದನಿ, ಕಲ್ಲು, ಮೂರು ದಿನದ ನನ್ನ ಕ್ಲಿಕ್ಕು ಎಲ್ಲ ಹೋಯಿತು.

ಹೋದರೆ ಹೋಯಿತು, ಅಜ್ಜಿಯರನ್ನು ಇನ್ನೊಂದು ಸಲ ಕರೆಸಿ ಹಾಡಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕರೆಸಲಿಲ್ಲ. ಮದುವೆ ಸೀಸನ್ ಬಂತು, ಮೈಕ್ ಸೆಟ್ ಕೆಲಸ ಹೆಚ್ಚಾಯಿತು. ಮೇಷ್ಟ್ರ ಕ್ಯಾಸೆಟ್ಟೂ ಬಂತು. ಸಿಕ್ಕಿದವರ ಹತ್ತಿರವೆಲ್ಲ ನಾನು ಅವನನ್ನು ಬೈದುಕೊಂಡು ತಿರುಗಿದೆ.

ಒಂದು ದಿನ ಬೆಳಗ್ಗೆ ದೊಡ್ಡಜ್ಜಿ ಒಬ್ಬರೇ ಬಸ್ಸಿಳಿದು ಅಂಗಡಿಗೆ ಬಂದರು.

"ನನ್ ವಾರಗಿತ್ತಿಗೆ ಲಕ್ವ ಒಡೀತು ಕಣವ್ವ. ಮಾತು ಬಿದ್ದೋಗದೆ. ಆ ಕ್ಯಾಸೆಟ್ಟ ಕುಡು. ಅವಳ ದನಿಯ ಅವಳ್ಗೆ ಕೇಳಿಸ್ತಿನಿ."

ಬೇರೇನು ಮಾಡಲೂ ತೋಚದೆ ಮೇಷ್ಟ್ರ ಕ್ಯಾಸೆಟ್ಟನ್ನು ಹಾಕಿದೆ. ಅಜ್ಜಿ ಸ್ಪೀಕರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅರ್ಧ ಪದ ಕೇಳಿದರು.

"ಇದ್ಯಾರವ್ವ? ಒಂದು ಕಾಳು ರಾಗಿ ಆಕ್ದೆ ಬರಿ ಕಲ್ಲ ತಿರುಗಿಸ್ತಾ ಅವ್ಳಲ್ಲ. ನಿಲ್ಸು. ನಮ್ದಾಕು."

ಆಗ ಹೇಳಿದೆ. ಹೇಳುತ್ತಲೇ ನನ್ನ ಹಳೆಯ ಸಿಟ್ಟೆಲ್ಲ ಬಾಯಿಗೆ ಬಂತು. ಮೇಷ್ಟ್ರು ಹೇಗೆ ತಾಳವಿಲ್ಲ ಎಂದ, ಹೇಗೆ ನಕ್ಕ, ಡಿಸ್ಕು ಹೇಗೆ ತುಂಬಿತು, ಕರೆಂಟ್ ಹೋಗುತ್ತದೆ ಎಂದು ಹೇಗೆ ಅವಸರ ಮಾಡಿದ, ಅಣ್ಣ ಹೇಗೆ ಕಣ್ಣು ಬಿಟ್ಟ. ಅಜ್ಜಿ ನನ್ನ ಮಾತು ಪೂರ್ತಿ ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವನ್ಯಾರೋ, ನಾ ಕಂಡಿಲ್ಲ. ನಾವು ಪದ ಏಳ್ದುದ್ದು ನಿನ್ ಮುಂದೆ. ಕುಡ್ತಿನಿ ಅಂದವಳು ನೀನು. ನೀನು ಯಾರ್ನ ಕೇಳಿ ಅಳಿಸ್ದೆ?"

ಉತ್ತರಕ್ಕಾಗಿ ಅವರು ಅಲ್ಲೇ ಕೂತಿದ್ದರು.