ಅತ್ತಿಗೆಯ ಬೆರಳು ಮತ್ತು ಪರದೇಶದ ಗಾಜು

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲ ಮಕ್ಕಳನ್ನು ಹೆದರಿಸಲು ನಾನು ಬೆತ್ತಕ್ಕಿಂತ ಹೆಚ್ಚಾಗಿ ನೆಚ್ಚಿಕೊಂಡಿದ್ದು ಒಂದು ಮಾತನ್ನು: ಓದದಿದ್ದರೆ ಮುಂದೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ನಿವೃತ್ತನಾಗಿ ನೋಡಿದರೆ ಲೋಕವೇ ತಲೆಕೆಳಗಾಗಿತ್ತು. ರೇಷನ್ನಿಗೆ ಹೆಬ್ಬೆಟ್ಟು, ಸಿಮ್ ಕಾರ್ಡಿಗೆ ಹೆಬ್ಬೆಟ್ಟು, ಪಿಂಚಣಿದಾರ ಇನ್ನೂ ಬದುಕಿದ್ದಾನೆ ಎನ್ನಲಿಕ್ಕೂ ಹೆಬ್ಬೆಟ್ಟು. ಎಂ.ಎ. ಮಾಡಿದ ನಾನು ಓದಿ ಓದಿ ಕೊನೆಗೆ ಅಲ್ಲಿಗೇ ಬಂದು ನಿಂತೆ. ಸಾಲದ್ದಕ್ಕೆ ಹೋದ ವರ್ಷ ಪರದೇಶಕ್ಕೂ ಹೋಗಿ ಬೆರಳೊತ್ತಿ ಬಂದೆ.

ಹೋಗಿದ್ದು ನನ್ನ ಅಣ್ಣನ ಹೆಂಡತಿ, ಜಯಮ್ಮ ಅತ್ತಿಗೆಯ ಸಲುವಾಗಿ. ಅವರು ಪ್ರಾಯದಿಂದಲೂ ನಮ್ಮೂರಿನ ಫಿಲೇಚರಿನಲ್ಲಿ, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕಡೆ, ಕೆಲಸ ಮಾಡಿದವರು. ಪಕ್ಕದ ಬೇಸಿನ್ನು ನೂರ್‌ಜಾನ್ ಅವರದು. ಇಬ್ಬರೂ ಬಿಸಿನೀರಿನಲ್ಲಿ ಕೈಯಾಡಿಸುತ್ತ ಗೂಡಿನ ಜೊತೆಗೆ ಊರಿನ ಸಂಸಾರಗಳನ್ನೂ ಬಿಚ್ಚುತ್ತಿದ್ದರು. ಈಗ ನೂರ್‌ಜಾನ್ ಇರುವುದು ಮಲೇಷ್ಯಾದಲ್ಲಿ, ಹೋಟೆಲ್ ಇಟ್ಟಿರುವ ಅಳಿಯನ ಮನೆಯಲ್ಲಿ. ಮೊಮ್ಮಗಳ ಮದುವೆ ಗೊತ್ತಾದಾಗ ಫೋನು ಮಾಡಿ, "ನೀನು ಬರ್ದೆ ನಿಕಾ ಮಾಡ್ಸಲ್ಲ ಕಣೇ" ಎಂದುಬಿಟ್ಟರು. ಅವರ ಮೊಣಕಾಲು ಕೆಟ್ಟು ಕೂತಿದೆ. ಇನ್ನು ಈ ಕಡೆ ಬರುವ ಮಾತೇ ಇಲ್ಲ. ನೋಡಬೇಕೆಂದರೆ ಅತ್ತಿಗೆಯೇ ಹೋಗಬೇಕು. ಬೆಂಗಳೂರಿಗೆ ಹೋಗುವಾಗಲೂ ಬುತ್ತಿ ಕಟ್ಟಿಕೊಳ್ಳುವ ಹೆಂಗಸು ಪಾಸ್‌ಪೋರ್ಟ್ ಮಾಡಿಸಿಯೇ ಬಿಟ್ಟರು. ಇಂಗ್ಲಿಷ್ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಜೊತೆಗೆ ಹಾಕಿದರು.

ಕೌಲಾಲಂಪುರದಲ್ಲಿ ಇಳಿದರೆ ಉದ್ದನೆಯ ಸಾಲು. ಸಾಲಿನ ಕೊನೆಗೆ ಗಾಜಿನ ಒಂದು ಪುಟ್ಟ ಪೆಟ್ಟಿಗೆ, ಅದರ ಮೇಲೆ ಎರಡು ತೋರುಬೆರಳು ಇಡಬೇಕು. ಮೇಲಿಂದ ಒಂದು ಕ್ಯಾಮೆರಾ ಮುಖ ನೋಡುತ್ತದೆ. ಮನುಷ್ಯ ಸುಳ್ಳು ಹೇಳಿದರೂ ಬೆರಳು ಹೇಳುವುದಿಲ್ಲ ಎಂಬುದು ಅದರ ನಂಬಿಕೆ ಇರಬೇಕು. ಗೌರಿಬಿದನೂರಿನ ಸ್ಟೇಷನ್ನಿನಲ್ಲಿ ಇಳಿದವನ ಮೂಗು ನೋಡಿಯೇ ಇದು ಯಾರ ಮನೆಯ ಸರಕು ಎಂದು ಹೇಳುತ್ತಿದ್ದ ಅಜ್ಜಿಯೊಬ್ಬರು ನನಗೆ ಗೊತ್ತಿದ್ದರು. ಅವರಿಗೆ ಕರೆಂಟೂ ಬೇಕಿರಲಿಲ್ಲ.

ನನ್ನ ಬೆರಳುಗಳನ್ನು ಗಾಜು ಒಂದೇ ಸಲಕ್ಕೆ ಒಪ್ಪಿಕೊಂಡಿತು. ಒಪ್ಪದೆ ಏನು, ಸೀಮೆಸುಣ್ಣ ಹಿಡಿದದ್ದು ಬಿಟ್ಟರೆ ಅವು ಜನ್ಮದಲ್ಲಿ ದುಡಿದದ್ದಿಲ್ಲ, ಅಂಗಡಿಯಿಂದ ತಂದ ಹಾಗೇ ಇವೆ. ಅತ್ತಿಗೆ ಬೆರಳಿಟ್ಟರು, ಕೆಂಪು ದೀಪ. ಇನ್ನೊಮ್ಮೆ ಇಟ್ಟರು, ಮತ್ತೆ ಕೆಂಪು. ವರ್ಷಗಟ್ಟಲೆ ಬಿಸಿನೀರು ಅವರ ಬೆರಳಿನ ಗೆರೆಗಳನ್ನೆಲ್ಲ ತೊಳೆದು ಹಾಕಿತ್ತು. ಆದರೆ ಅತ್ತಿಗೆ ಹೆದರಲಿಲ್ಲ. ಇದಕ್ಕೆ ನಮ್ಮೂರಿನ ರೇಷನ್ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುವ ಔಷಧಿಯಿದೆ. ಬೆರಳನ್ನು ಎಣ್ಣೆ ಹಚ್ಚಿದ ತಲೆಗೆ ಚೆನ್ನಾಗಿ ತಿಕ್ಕಿದರು, ಮೂಗಿನ ಪಕ್ಕಕ್ಕೆ ಒಮ್ಮೆ ಸವರಿದರು, ಆಮೇಲೆ ಬಗ್ಗಿ ಆ ದೇಶದ ಗಾಜಿನ ಮೇಲೆ ಹಾ ಎಂದು ಬಿಸಿಯುಸಿರು ಬಿಟ್ಟು ಒತ್ತಿದರು. ಕೌಂಟರಿನ ಹುಡುಗಿ ಕುರ್ಚಿ ಸಮೇತ ಹಿಂದಕ್ಕೆ ಸರಿದಳು. ಅತ್ತಿಗೆಯ ಹಿಂದಿದ್ದವರು ಸದ್ದಿಲ್ಲದೆ ಬೇರೆ ಸಾಲಿಗೆ ಹೋದರು. ಸ್ಯಾನಿಟೈಸರ್ ಬಾಟಲಿ ಹೊರಗೆ ಬಂತು, ಅದರ ಹಿಂದೆಯೇ ಒಬ್ಬ ಮೇಲಧಿಕಾರಿ ಬಂದು ಅತ್ತಿಗೆಯನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ.

ನಾನು ಆಗಲೇ ಗೆರೆ ದಾಟಿದ್ದೆ. ವಾಪಸ್ ಬರಬಾರದು ಎಂದು ಕೈ ಅಡ್ಡ ಇಟ್ಟರು. ನನ್ನ ಇಂಗ್ಲಿಷನ್ನು ಕೇಳುವವರೇ ಇರಲಿಲ್ಲ. ಅದೇ ವಿಮಾನದಲ್ಲಿ ಅತ್ತಿಗೆಯನ್ನು ತಿರುಗಿ ಕಳಿಸಿಬಿಟ್ಟರೆ? ಹೊರಗೆ ಗಾಲಿಕುರ್ಚಿಯಲ್ಲಿ ಕಾಯುತ್ತಿರುವ ನೂರ್‌ಜಾನ್ ಅವರ ಮುಂದೆ ನಾನೊಬ್ಬನೇ ಹೋಗಿ ನಿಲ್ಲುವುದು ಹೇಗೆ? ಅವರಿಗೆ ಬೇಕಾದದ್ದು ನಾನಲ್ಲವಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತಿಗೆ ಬಂದರು. ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿತ್ತು, ಕೈಯಲ್ಲೊಂದು ನೀರಿನ ಬಾಟಲಿಯಿತ್ತು, ಆ ಅಧಿಕಾರಿ ಬಾಗಿಲವರೆಗೂ ಬಂದು ದಾರಿ ತೋರಿಸಿ ಹೋದ. ಅವನು ತಮಿಳಿನವನಂತೆ. ಇವರದು ತವರುಮನೆ ಚಿಂತಾಮಣಿ ಕಡೆಯ ತೆಲುಗು. ಇಬ್ಬರಿಗೂ ಅರ್ಥವಾಗುವಷ್ಟು ಅರ್ಥವಾಯಿತಂತೆ. ಬೆರಳಿಗೆ ಏನಾಯಿತೆಂದು ಕೇಳಿದ. ಇವರು ಗಾಳಿಯಲ್ಲೇ ಗೂಡು ಹಿಡಿದು ಎಳೆ ಎಳೆದು ತೋರಿಸಿದರು. ಯಾರನ್ನು ನೋಡಲು ಬಂದಿರಿ ಎಂದು ಕೇಳಿದ. ಅಲ್ಲಿಗೆ ಮುಗಿಯಿತು, ನೂರ್‌ಜಾನ್ ಕಥೆಯನ್ನು ಮೊದಲ ದಿನದಿಂದ ಶುರುಮಾಡಿದರು. ಅವನು ಪೂರ್ತಿ ಕೇಳಿ, ಅವರ ಮುಖ ನೋಡಿ, ಮುದ್ರೆ ಒತ್ತಿದ.

ಪಾಪ, ಗಾಬರಿಯಾಗಿರಬೇಕೆಂದು ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು: "ನಿನ್ನ ಏನೇನು ಕೇಳಿದ್ರಪ್ಪ?"

"ಏನೂ ಕೇಳ್ಲಿಲ್ಲ ಅತ್ತಿಗೆ. ಬೆರಳಿಟ್ಟೆ, ಬಿಟ್ರು."

ಅವರು ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆ ಕಣ್ಣುಗಳಲ್ಲಿದ್ದದ್ದು ಅಪ್ಪಟ ಮರುಕ.

"ಇಷ್ಟು ದೂರ ಬಂದೋನ್ನ ಯಾರ ಮನೆಗೆ ಬಂದೆ ಅಂತಾನೂ ಕೇಳ್ಲಿಲ್ವಾ? ಹೋಗ್ಲಿ ಬಿಡಪ್ಪ, ಬೇಜಾರು ಮಾಡ್ಕೋಬೇಡ. ನೂರ್‌ಜಾನ್ ಕೇಳ್ತಾಳೆ, ಬಾ."